ಆ 'ಜಾಂಟ್' ಬಗ್ಗೆ ಇನ್ನೂ ಬರೆಯಿರಿ

ನಮಸ್ಕಾರ.

ಒಂದು ಕಡೆ ಮಾಯವಾಗಿ ಮರುಕ್ಷಣ ಇನ್ನೊಂದು ಕಡೆ ಕಾಣಿಸಿಕೊಳ್ಳುವುದಕ್ಕೆ ಇರುವ ಹೆಸರಿನ ಬಗ್ಗೆ ನೀವು ಕಳಿಸಿದ 'ಟೆಲಿಪೋರ್ಟೇಶನ್: ಒಂದು ಪದದ ಕಥೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಈ ಪದವನ್ನು 1966ರ ಸ್ಟಾರ್ ಟ್ರೆಕ್ ಧಾರಾವಾಹಿ ಹುಟ್ಟುಹಾಕಿತು ಎಂದಿದ್ದೀರಿ. ಅಲ್ಲ. ಅಲ್ಲಿ ಜನರನ್ನು ಬಾಹ್ಯಾಕಾಶ ನೌಕೆಯಿಂದ ಗ್ರಹಕ್ಕೆ ಕ್ಷಣದಲ್ಲಿ ಕಳಿಸುವ ಯಂತ್ರದ ಹೆಸರು ಟ್ರಾನ್ಸ್‌ಪೋರ್ಟರ್. ಪ್ರತಿ ಕಂತಿನಲ್ಲೂ ನೌಕೆ ಗ್ರಹಕ್ಕೆ ಇಳಿಯುವುದನ್ನು ತೋರಿಸಲು ತುಂಬಾ ದುಡ್ಡು ಬೇಕಿತ್ತು. ಆ ಖರ್ಚು ತಪ್ಪಿಸಲು ಹುಡುಕಿಕೊಂಡ ಉಪಾಯ ಅದು. ಲೇಖನದ ಶುರುವಿಗೇ ಇಟ್ಟಿರುವ 'ಬೀಮ್ ಮಿ ಅಪ್, ಸ್ಕಾಟಿ' (ನನ್ನನ್ನು ಮೇಲಕ್ಕೆ ಕರೆಸಿಕೊ, ಸ್ಕಾಟಿ) ಎಂಬ ಮಾತನ್ನು ಮೂಲ ಧಾರಾವಾಹಿಯಲ್ಲಿ ಯಾರೂ ಅದೇ ಪದಗಳಲ್ಲಿ ಹೇಳಿಲ್ಲ. ಅದನ್ನು ತೆಗೆಯಿರಿ.

ಪದ ನಮಗೆ ಬಂದದ್ದು ಅಮೆರಿಕದ ಚಾರ್ಲ್ಸ್ ಫೋರ್ಟ್ ಅವರಿಂದ, 1931ರ 'ಲೋ!' ಪುಸ್ತಕದಿಂದ. ಅದು ಕಥೆಯ ಪುಸ್ತಕವಲ್ಲ. ಫೋರ್ಟ್ ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂತು ಹಳೇ ಪತ್ರಿಕೆಗಳಿಂದ ವಿಚಿತ್ರ ಸುದ್ದಿಗಳನ್ನು ಹೆಕ್ಕುತ್ತಿದ್ದರು. ಆಕಾಶದಿಂದ ಕಪ್ಪೆ ಬಿತ್ತು, ಮೀನು ಬಿತ್ತು, ಇಂಥವು. ವಸ್ತುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಯಾವುದೋ ಶಕ್ತಿ ಇರಬೇಕು ಎಂದು ಊಹಿಸಿ, ಅದಕ್ಕೆ ಈ ಹೆಸರಿಟ್ಟರು. ಯಂತ್ರವೂ ಇಲ್ಲ, ಗುಂಡಿ ಒತ್ತುವುದೂ ಇಲ್ಲ. 1934ರಲ್ಲಿ ಆ ಪುಸ್ತಕ 'ಅಸ್ಟೌಂಡಿಂಗ್ ಸ್ಟೋರೀಸ್' ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಕಪ್ಪೆಮಳೆಯ ಪದ ವಿಜ್ಞಾನ ಕಥೆಯ ಓದುಗರ ಕೈಗೆ ಬಂತಲ್ಲ, ಇದೇ ಎಷ್ಟು ಒಳ್ಳೇ ಕಥೆ ಅಲ್ವಾ?

ಪದದ ರಚನೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು. 'ಟೆಲಿ' ಗ್ರೀಕ್, 'ಪೋರ್ಟ್' ಲ್ಯಾಟಿನ್. ಕನ್ನಡ, ಸಂಸ್ಕೃತ ಬೆರೆತ ಸಮಾಸವನ್ನು ನಮ್ಮ ವ್ಯಾಕರಣಕಾರರು ಅರಿಸಮಾಸ ಎಂದರಲ್ಲ, ಅಂಥದ್ದು. ನಮ್ಮ ಓದುಗರಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏಳನೇ ಪುಟದಲ್ಲಿ 'ಆಲ್ಫ್ರೆಡ್ ಬೆಸ್ಟರ್ ಇದನ್ನು ಜಾಂಟ್ ಎಂದು ಕರೆದರು' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ. ಅಮೆರಿಕದ ವಿಜ್ಞಾನ ಕಥೆಗಾರ ಬೆಸ್ಟರ್ ಅವರ 'ದಿ ಸ್ಟಾರ್ಸ್ ಮೈ ಡೆಸ್ಟಿನೇಶನ್' ಕಾದಂಬರಿ 1956ರಲ್ಲಿ 'ಗ್ಯಾಲಕ್ಸಿ' ಪತ್ರಿಕೆಯಲ್ಲಿ ಶುರುವಾಯಿತು. ಗುರುಗ್ರಹದ ಉಪಗ್ರಹ ಕ್ಯಾಲಿಸ್ಟೊದಲ್ಲಿ ಒಬ್ಬ ಸಂಶೋಧಕನ ಮೇಜಿಗೆ ಬೆಂಕಿ ಹತ್ತುತ್ತದೆ, ಮೈಗೂ ಹತ್ತುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ನೆನೆದು ಕೂಗುತ್ತಾನೆ. ಮರುಕ್ಷಣ ಅದರ ಪಕ್ಕದಲ್ಲೇ ನಿಂತಿದ್ದಾನೆ, ಮೇಜಿನಿಂದ 70 ಅಡಿ ದೂರದಲ್ಲಿ. ಅವನ ಹೆಸರು ಚಾರ್ಲ್ಸ್ ಫೋರ್ಟ್ ಜಾಂಟ್. ಹೀಗೆ ಮನಸ್ಸಿನಿಂದಲೇ ಜಾಗ ಬದಲಿಸುವುದಕ್ಕೆ ಅವನ ಹೆಸರೇ ಬಂತು. ಹೆಸರಿನ ಮೊದಲ ಎರಡು ಭಾಗ ನೋಡಿದಿರಾ? ಹೊಸ ಪದದೊಳಗೆ ಹಳೇ ಪದ ಕೊಟ್ಟವರನ್ನು ಬೆಸ್ಟರ್ ನೆನೆದಿದ್ದಾರೆ. ನಿಮ್ಮ ಲೇಖನದ ಎರಡು ತುದಿಗಳನ್ನು ಕಟ್ಟುವ ದಾರ ಇದೇ. ನಿಮ್ಮ ಕೈಯಲ್ಲೇ ಇತ್ತು, ಬಿಟ್ಟಿರಿ.

ಇನ್ನೂ ಇದೆ. ಜಾಂಟ್ ಎಂದರೆ ಇಂಗ್ಲಿಷಿನಲ್ಲಿ ಮೊದಲೇ ಇದ್ದ ಪದ, ಸುಮ್ನೆ ಒಂದು ಸುತ್ತು ಹೋಗಿಬರುವುದು. ಬೆಸ್ಟರ್ ಕೊನೆಗೆ ಒಂದು ಅಕ್ಷರ ಸೇರಿಸಿದರು, ಅಷ್ಟೇ. ಕಾದಂಬರಿಯ ಜನ ಅದನ್ನು ನಡೆಯುವಷ್ಟು ಸಹಜವಾಗಿ ಮಾಡುತ್ತಾರೆ. ಒಂದು ಸಲಕ್ಕೆ 1,000 ಮೈಲಿಯ ಮಿತಿ. ಹೊರಡುವ ಜಾಗ, ಸೇರುವ ಜಾಗ ಎರಡೂ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಹಾಗಾಗಿ ಮನೆಯ ಒಳಭಾಗ ಹೊರಗಿನವರಿಗೆ ಗೊತ್ತಾಗದಿರಲಿ ಎಂದು ಶ್ರೀಮಂತರು ಸುತ್ತಿಬಳಸುವ ದಾರಿಗಳನ್ನು ಕಟ್ಟಿಸುತ್ತಾರೆ. ಹಳೇ ವಾಹನದಲ್ಲಿ ಓಡಾಡುವುದು ದೊಡ್ಡಸ್ತಿಕೆಯ ಗುರುತಾಗುತ್ತದೆ. ಹೆಂಗಸರನ್ನು ಮತ್ತೆ ಗೋಡೆಗಳ ಹಿಂದೆ ಕೂಡಿಹಾಕುತ್ತಾರೆ. ಒಂದು ಪದ ಇಡೀ ಸಮಾಜವನ್ನು ಅಲುಗಾಡಿಸಿತು. ಮುಂದೆ 1973ರ ಬ್ರಿಟಿಷ್ ಧಾರಾವಾಹಿ 'ದಿ ಟುಮಾರೋ ಪೀಪಲ್' ಮಕ್ಕಳೂ 'ಜಾಂಟ್' ಎಂದೇ ಅಂದರು. ಇದನ್ನು ಬರೆಯಿರಿ. ಇದಕ್ಕೇ ಮೂರು ಪುಟ ಕೊಡಿ.

ನಾರದರ ಲೋಕಸಂಚಾರದ ಭಾಗ ಬೇಡ. ಅದು ಸುಂದರವಾದ ಕಲ್ಪನೆ, ಆದರೆ ಈ ಪದದ ಇತಿಹಾಸಕ್ಕೆ ಸೇರಿದ್ದಲ್ಲ. ಪದಕ್ಕಿಂತ ಕಲ್ಪನೆ ಹಳೆಯದು ಎಂದು ತೋರಿಸಲು 1877ರ ಎಡ್ವರ್ಡ್ ಪೇಜ್ ಮಿಚೆಲ್ ಕಥೆ ಇದೆ. ಅದರಲ್ಲಿ ಒಬ್ಬ ತನ್ನನ್ನೇ ತಂತಿಯ ಮೂಲಕ ಕಳಿಸಿಕೊಳ್ಳುತ್ತಾನೆ. ಬ್ಯಾಟರಿ ಮುಗಿದು ತಲೆ ಮಾತ್ರ ಆ ಕಡೆ ತಲುಪುತ್ತದೆ. 1993ರಲ್ಲಿ ವಿಜ್ಞಾನಿಗಳು ಪದವನ್ನು ತಮ್ಮ ಪ್ರಬಂಧಕ್ಕೆ ತೆಗೆದುಕೊಂಡರು ಎಂಬುದು ಸರಿ. ಆದರೆ 'ವಸ್ತುವನ್ನೇ ಕಳಿಸಿದರು' ಎಂಬುದು ತಪ್ಪು. ಅಲ್ಲಿ ಸಾಗುವುದು ಕಣದ ಸ್ಥಿತಿ, ಕಣವಲ್ಲ.

ಕೊನೆಯದಾಗಿ ನಿಮ್ಮ ಕನ್ನಡ ಪದ, 'ದೂರಸ್ಥಳಾಂತರೀಕರಣ'. ಅಮ್ಮ ಬಾಗಿಲಲ್ಲಿ ನಿಂತು ಮಗನಿಗೆ 'ಹುಷಾರಾಗಿ ದೂರಸ್ಥಳಾಂತರೀಕರಣ ಮಾಡ್ಕೊಂಡು ಬಾ' ಎಂದು ಹೇಳುವುದನ್ನು ಕೇಳಿಸಿಕೊಳ್ಳಿ. ನಾಲಿಗೆ ಹೊರಳುವುದಿಲ್ಲ. ಬೆಸ್ಟರ್ ಮಾಡಿದ ಹಾಗೆ, ಮನೆಯಲ್ಲಿ ಆಗಲೇ ಓಡಾಡುತ್ತಿರುವ ಒಂದು ಸಣ್ಣ ಮಾತನ್ನು ಹುಡುಕಿ. ಸಿಗದಿದ್ದರೆ 'ಟೆಲಿಪೋರ್ಟ್' ಎಂದೇ ಇರಲಿ. ಬಸ್ಸು, ಫೋನು ಎಲ್ಲ ಹಾಗೇ ಬಂದು ನಮ್ಮವಾದವು.

ಎರಡು ತಿಂಗಳು ತೆಗೆದುಕೊಳ್ಳಿ. ಕ್ಯಾಲಿಸ್ಟೊದ ಬೆಂಕಿಯಿಂದ ಶುರು ಮಾಡಿ ಕಳಿಸಿ. ಬಂದ ದಿನವೇ ಓದುತ್ತೇನೆ.

ಸಂಪಾದಕ