ಕೊನೆಯ ಸಾಲಿನಲ್ಲಿ ಕುಳಿತ ತಮ್ಮ

ನಿಮ್ಮ ಪತ್ರ ಬಂದು 9 ದಿನಗಳಾದವು. ಮಡಚಿ ಎತ್ತಿಡಲು ಇನ್ನೂ ಮನಸ್ಸು ಬಂದಿಲ್ಲ.

ಓದುಗರಿಗಾಗಿ ಸಂಗತಿ ಇಷ್ಟು. ಪತ್ರ ಬರೆದವರು 2 ವರ್ಷದ ಹಿಂದೆ ಪಾದ್ರಿಯಾಗಿ ದೀಕ್ಷೆ ಪಡೆದ ಸಭಾಪಾಲಕಿ, ಆ ಸಭೆಯ, ಅಂದರೆ ಚರ್ಚಿನ, ಪೀಠದಲ್ಲಿ ನಿಂತ ಮೊದಲ ಹೆಂಗಸು. ಅವರ ತಮ್ಮ ಅದೇ ಸಭೆಯ ಗಾಯನ ಮಂಡಳಿಯಲ್ಲಿ 11 ವರ್ಷ ಹಾಡಿದವನು. ತಾನು ಗೇ ಎಂದು ಅವನು ಮನೆಯವರಿಗೆ ಹೇಳಿದ ಮಾತು ಹೊರಗೆ ಹರಡಿತು. ಸಭಾ ಸಮಿತಿ ಅವನನ್ನು ಮಂಡಳಿಯಿಂದ ಕೈಬಿಟ್ಟಿತು. ಅಕ್ಕ ದನಿ ಎತ್ತಿದರೆ ‘ಹೆಂಗಸರಿಗೆ ಪೀಠ ಕೊಟ್ಟಿದ್ದರ ಫಲ ಇದು’ ಎನ್ನಲು ಕಾದು ಕುಳಿತವರಿದ್ದಾರೆ. ಸುಮ್ಮನಿದ್ದರೆ ತಮ್ಮ ಒಂಟಿಯಾಗುತ್ತಾನೆ. ‘ನನ್ನ ಹಿಂದೆ ಬರುವ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿಸಿದ ಪಾಪ ನನಗೆ ಬೇಡ, ಏನು ಮಾಡಲಿ?’ ಎಂದು ಕೇಳಿದ್ದಾರೆ.

ಸಮಿತಿಯ ಠರಾವು, ಬಿಷಪ್ಪರ ಮೌನ, ಕಾರ್ಯದರ್ಶಿಯ ಒರಟುತನ ಇವಕ್ಕೆ ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಮೂರನೆಯ ಪುಟದ ಅಂಚಿನಲ್ಲಿ ಮಾತ್ರ ಒಂದು ಸಾಲು ಇದೆ: ತಮ್ಮ ಈಗಲೂ ಪ್ರತಿ ಭಾನುವಾರ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾನೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಮಾತ್ರ ಏಳುವುದಿಲ್ಲ. ನಾನು ಅಲ್ಲಿಯೇ ನಿಂತುಬಿಟ್ಟೆ. ಅಕ್ಕಪಕ್ಕದವರು ಎದ್ದು ಹೋಗುವಾಗ ಮೊಣಕಾಲು ಓರೆ ಮಾಡಿ ಅವರಿಗೆ ದಾರಿ ಬಿಡುತ್ತಾನೆ, ಹಿಂತಿರುಗುವಾಗ ಮತ್ತೊಮ್ಮೆ. ಆ ಹೊತ್ತಿನಲ್ಲಿ ಮುಂದೆ ರೊಟ್ಟಿಯ ತಟ್ಟೆ ಹಿಡಿದು ನಿಂತಿರುವವರು ನೀವು. ಠರಾವು ಅವನನ್ನು ಹಾಡದಂತೆ ತಡೆಯಿತು, ಅಷ್ಟೇ. ಕರ್ತನ ಮೇಜಿಗೆ, ಅಂದರೆ ಪ್ರಭುಭೋಜನಕ್ಕೆ, ಬರಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಹಾಗಿದ್ದರೆ ಅವನು ಯಾಕೆ ಏಳುವುದಿಲ್ಲ? 7 ತಿಂಗಳಿಂದ ನೋಡುತ್ತಿದ್ದೀರಿ, ಕೇಳಿಲ್ಲ. ನಾಲ್ಕು ಪುಟದಲ್ಲಿ ಅವನು ಆಡಿದ ಒಂದು ಮಾತೂ ಇಲ್ಲ. ಮನೆಯವರ ನೋವನ್ನು ಠರಾವಿನ ಮೂಲಕ ಓದಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ, ಇನ್ನೂ ಬರೆಯುತ್ತೇನೆ.

ನನ್ನ ಸಿಟ್ಟು ಕಾರ್ಯದರ್ಶಿಯ ಮೇಲಲ್ಲ. ಆತ ನಂಬಿದ್ದನ್ನು ಎದುರಿಗೇ ಹೇಳುತ್ತಾನೆ. ನಿಮ್ಮ ದೀಕ್ಷೆಗಾಗಿ ಓಡಾಡಿ, ಈಗ ‘ಕಾಲ ಕೂಡಿ ಬರಲಿ, ಕಾಯಮ್ಮ’ ಎನ್ನುವ ಆ ಹಿರಿಯ ಪಾಲಕರ ಮೇಲೆ. ಕಾಯುವುದೆಂದರೆ ಏನೆಂದು ಅವರಿಗೆ ಗೊತ್ತಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಂಗ್‌ಕಾಂಗ್ ಪಕ್ಕದ ಮಕಾವಿಗೆ ಪಾದ್ರಿಗಳು ತಲುಪಲಾಗದಿದ್ದಾಗ, 1944ರಲ್ಲಿ ಹಾಂಗ್‌ಕಾಂಗಿನ ಬಿಷಪ್ ಹಾಲ್ ಫ್ಲಾರೆನ್ಸ್ ಲೀ ಟಿಮ್-ಒಯ್ ಅವರಿಗೆ ದೀಕ್ಷೆ ಕೊಟ್ಟರು. ಇಂಗ್ಲೆಂಡಿನ ಸಭೆಯಿಂದ ಬೆಳೆದ ಆಂಗ್ಲಿಕನ್ ಸಭೆಗಳಲ್ಲಿ ಅವರೇ ಮೊದಲ ಮಹಿಳಾ ಪಾದ್ರಿ. ಯುದ್ಧ ಮುಗಿಯಿತು, ವಿವಾದ ಎದ್ದಿತು. ತನ್ನಿಂದ ಬಿಷಪ್ಪರಿಗೆ ತೊಂದರೆಯಾಗದಿರಲಿ ಎಂದು 1946ರಲ್ಲಿ ಆಕೆ ಪಾದ್ರಿಯಾಗಿ ಸೇವೆ ಮಾಡುವ ಪರವಾನಗಿಯನ್ನು ಬಿಟ್ಟುಕೊಟ್ಟರು. ಹಾಂಗ್‌ಕಾಂಗ್ ಅವರನ್ನು ಮತ್ತೆ ಪಾದ್ರಿಯೆಂದು ಒಪ್ಪಿದ್ದು 1971ರಲ್ಲಿ. ಇಂಗ್ಲೆಂಡಿನ ಸಭೆ ಮೊದಲ ಮಹಿಳೆಯರಿಗೆ ದೀಕ್ಷೆ ಕೊಟ್ಟಿದ್ದು 1994ರಲ್ಲಿ. 1974ರಲ್ಲಿ ಫಿಲಡೆಲ್ಫಿಯಾದಲ್ಲಿ 11 ಮಹಿಳೆಯರು ಅಪ್ಪಣೆಗೆ ಕಾಯದೆ ದೀಕ್ಷೆ ಪಡೆದರು. ಎರಡೇ ವರ್ಷದಲ್ಲಿ ಆಂಗ್ಲಿಕನ್ನರ ಅಮೆರಿಕದ ಶಾಖೆಯಾದ ಎಪಿಸ್ಕೋಪಲ್ ಸಭೆ ನಿಯಮವನ್ನೇ ಬದಲಿಸಿತು. ಗಂಡು ಸಂಗಾತಿಯೊಂದಿಗೆ ಬಾಳುತ್ತಿದ್ದ ಜೀನ್ ರಾಬಿನ್ಸನ್ ಅವರು 2003ರಲ್ಲಿ ಬಿಷಪ್ ಆದದ್ದೂ ಅದೇ ಸಭೆಯಲ್ಲಿ. ಜಗಳವಾಯಿತು, ಕೆಲವರು ಸಭೆ ಬಿಟ್ಟು ಹೋದರು. ಹೆಂಗಸರ ದೀಕ್ಷೆಯನ್ನು ಮಾತ್ರ ಆ ಸಭೆ ಹಿಂದಕ್ಕೆ ಪಡೆಯಲಿಲ್ಲ.

ಹಾಗೆಂದು ನಿಮ್ಮ ಭಯ ಸುಳ್ಳಲ್ಲ. ನಿಮ್ಮ ಮೇಲೆ ಕಲ್ಲೆಸೆಯಲು ಇದೊಂದು ನೆಪವಾಗಬಹುದು. ಆದರೆ ನಿಮ್ಮನ್ನು ಪೀಠದಲ್ಲಿ ನೋಡಲಾರದವರಿಗೆ ತಮ್ಮನ ನೆಪವೇ ಬೇಕಾಗಿಲ್ಲ, ಹೆಂಗಸು ಉಪದೇಶ ಮಾಡಬಾರದೆಂದು ಅಪೊಸ್ತಲ ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಬೈಬಲಿನ ಪತ್ರಿಕೆ ಸಾಕು. ದೀಕ್ಷೆಯ ಸಂದರ್ಶನದಲ್ಲಿ ಅವರು ಅದನ್ನು ಓದಿದಾಗ ನೀವು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯ ತೆರೆದು ಸಭೆಯ ಸೇವಕಿ ಫೊಯಿಬೆಯನ್ನು ತೋರಿಸಿದಿರಂತೆ. ಆ ಕಾಲ, ಆ ಸಭೆ, ಆ ಸನ್ನಿವೇಶ ನೋಡಿ ಪೌಲನನ್ನು ಓದಬೇಕು ಎಂದಿರಂತೆ. ಈಗ ನಿಮ್ಮ ತಮ್ಮನ ಮುಂದೆ ಸಮಿತಿ ಹಿಡಿದಿರುವುದು ರೋಮಾಪುರದವರಿಗೆ ಬರೆದ ಅದೇ ಪತ್ರಿಕೆಯ ಮೊದಲ ಅಧ್ಯಾಯ, ಗಂಡಸು ಗಂಡಸನ್ನು ಬಯಸುವುದನ್ನು ಖಂಡಿಸುವ ಮಾತು. ನಿಮಗೆ ಬೇಕಾದ ಓದು ಅವನಿಗೂ ಬೇಕು.

ಇವತ್ತು ಬಿಷಪ್ಪರಿಗೆ ಪತ್ರ ಬೇಡ, ಸಮಿತಿಯ ಸಭೆಯೂ ಬೇಡ. ಒಂದೇ ಕೆಲಸ ಮಾಡಿ. ಬರುವ ಭಾನುವಾರಕ್ಕೆ ಮೊದಲು, ನಿಲುವಂಗಿ ತೆಗೆದಿಟ್ಟು, ಅಕ್ಕನಾಗಿ ಅವನ ಬಳಿ ಹೋಗಿ ‘ನೀನು ಯಾಕೆ ಏಳುವುದಿಲ್ಲ?’ ಎಂದು ಕೇಳಿ. ಅವನು ಹೇಳುವುದನ್ನು ತಡೆಯದೆ ಕೇಳಿ. ಬರಲು ಮನಸ್ಸಿಲ್ಲ ಎಂದರೆ ಒತ್ತಾಯಿಸಬೇಡಿ. ನಿಮಗೆ ತೊಂದರೆಯಾದೀತೆಂದು ಕೂತಿದ್ದೇನೆ ಎಂದರೆ, ಅವನ ಒಪ್ಪಿಗೆ ಕೇಳಿ, ಭಾನುವಾರ ತಟ್ಟೆ ಹಿಡಿದು ನೀವೇ ಕೊನೆಯ ಸಾಲಿಗೆ ನಡೆಯಿರಿ. ನಡೆಯಲಾಗದ ವೃದ್ಧರ ಬಳಿಗೆ ಹಾಗೆಯೇ ಹೋಗುತ್ತೇನೆಂದು ನೀವೇ ಬರೆದಿದ್ದೀರಿ. ಅವನು ಏನು ಹೇಳಿದನೆಂದು ನನಗೆ ತಿಳಿಸಿ. ಸಮಿತಿಯ ಮಾತು ಆಮೇಲೆ ಆಡೋಣ.