ಅಡಿಕೆ ಅಂಗಡಿಯ ಆಡಳಿತಕ್ಕೆ ಮ್ಯಾಕಿಯವೆಲ್ಲಿ, ಕೌಟಿಲ್ಯ ಉಪಯೋಗಕ್ಕೆ ಬರುತ್ತಾರೆಯೇ?

ಕಾಸರಗೋಡಿನ ಬದಿಯಡ್ಕದ ಬಳಿ ತಂದೆಯವರ ಅಡಿಕೆ ಅಂಗಡಿಯನ್ನು ನೀವು ಈಗಷ್ಟೇ ವಹಿಸಿಕೊಂಡಿದ್ದೀರಿ. ಹಳೆಯ ಕೆಲಸದವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಿಲ್ಲ. ‘ಪ್ರೀತಿಗಿಂತ ಭಯ ಮೇಲು ಎಂದು ಮ್ಯಾಕಿಯವೆಲ್ಲಿಯೇ ಹೇಳಿದ್ದಾನೆ, ಸ್ವಲ್ಪ ಹೆದರಿಸು’ ಎಂದು ಗೆಳೆಯರ ಸಲಹೆ. ಅದು ಸರಿಯೇ ಎಂದು ಕೇಳಿದ್ದೀರಿ. ಪೆರ್ಲ ಕಡೆಯಲ್ಲಿ ಇದೇ ವ್ಯಾಪಾರ ಮಾಡುವವನು ನಾನು, ಮ್ಯಾಕಿಯವೆಲ್ಲಿ, ಕೌಟಿಲ್ಯರ ಗ್ರಂಥಗಳನ್ನು ಆಸೆಯಿಂದ ಓದಿದವನೂ ಹೌದು. ನಿಮ್ಮ ಗೆಳೆಯರು ಅರ್ಧ ವಾಕ್ಯವನ್ನಷ್ಟೇ ಹೇಳಿದ್ದಾರೆ.

ಇಟಲಿಯ ರಾಜನೀತಿಜ್ಞ ಮ್ಯಾಕಿಯವೆಲ್ಲಿ, ಅರಸನು ಆಳಬೇಕಾದ ರೀತಿಯ ಕುರಿತ ‘ದಿ ಪ್ರಿನ್ಸ್’ ಬರೆದದ್ದು 1513ರಲ್ಲಿ. ಹಿಂದಿನ ವರ್ಷವಷ್ಟೇ ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನ ಮತ್ತೆ ಅಧಿಕಾರಕ್ಕೆ ಬಂದು ಅವನ ಸರ್ಕಾರಿ ಕೆಲಸ ಹೋಗಿತ್ತು. ಸೆರೆಮನೆಯ ಚಿತ್ರಹಿಂಸೆಯನ್ನೂ ಅವನು ಉಂಡಿದ್ದ. ಅಧಿಕಾರದ ಏಟು ಹೇಗಿರುತ್ತದೆಂದು ಮೈಯಾರೆ ತಿಳಿದವನ ಬರಹವದು. 17ನೆಯ ಅಧ್ಯಾಯದಲ್ಲಿ ಅವನು ಹೇಳುವುದಿಷ್ಟು: ಎರಡೂ ಒಟ್ಟಿಗೆ ಸಿಗದಿದ್ದರೆ ಪ್ರೀತಿಗಿಂತ ಭಯ ಸುರಕ್ಷಿತ, ಆದರೆ ದ್ವೇಷ ಮಾತ್ರ ಹುಟ್ಟಬಾರದು, ಅದಕ್ಕಾಗಿ ಪ್ರಜೆಗಳ ಸ್ವತ್ತಿಗೆ ಕೈಹಾಕಬಾರದು. ಮನುಷ್ಯರು ತಂದೆಯ ಸಾವನ್ನಾದರೂ ಬೇಗ ಮರೆತಾರು, ಪಿತ್ರಾರ್ಜಿತ ಕೈತಪ್ಪಿದ್ದನ್ನು ಮರೆಯರು ಎಂಬುದು ಅವನ ಕಾರಣ. ನಮ್ಮಲ್ಲಿ ಆ ಸ್ವತ್ತೆಂದರೆ ಕೂಲಿ, ಓಣಂ ಬೋನಸ್, ಮಗಳ ಮದುವೆಗೆ ಕೇಳಿದ ಮುಂಗಡ. ಬೈದ ಮಾಲೀಕನನ್ನು ಕೆಲಸದವರು ಕ್ಷಮಿಸುವುದನ್ನು ಕಂಡಿದ್ದೇನೆ. ಬೋನಸ್ಸನ್ನು ಹಬ್ಬ ಕಳೆದ ಮೇಲೆ ಕೊಟ್ಟವನನ್ನು ಯಾರೂ ಕ್ಷಮಿಸಿದ್ದಿಲ್ಲ.

ಭಯದ ಇನ್ನೊಂದು ಖರ್ಚು ಇದಕ್ಕಿಂತ ದೊಡ್ಡದು: ಸುದ್ದಿ ನಿಂತುಹೋಗುತ್ತದೆ. ಚಾಲಿಗೆ, ಅಂದರೆ ಹಣ್ಣಡಿಕೆಯನ್ನು ಒಣಗಿಸಿ ಸುಲಿದ ಅಡಿಕೆಗೆ, ನಲವತ್ತು ದಿನದ ಮೇಲೆ ಬಿಸಿಲು ಬೇಕು. ಒಳಗೆ ಪಸೆ ಉಳಿದ ಅಡಿಕೆ ಗೋಣಿಗೆ ಸೇರಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಪಕ್ಕದ ಒಳ್ಳೆಯ ಅಡಿಕೆಯೂ ಕೆಡುತ್ತದೆ. ಇದು ಮೊದಲು ಗೊತ್ತಾಗುವುದು ಯಾರಿಗೆ? ಗಲ್ಲಾದ ಮುಂದೆ ಕುಳಿತ ನಿಮಗಲ್ಲ, ನೆಲದ ಮೇಲೆ ಕುಳಿತು ಪಟೋರ, ಕರಿಗೋಟು ಎಂದು ಕೆಳದರ್ಜೆಯ ಅಡಿಕೆಯನ್ನು ಬೇರೆ ಬೇರೆ ಆಯುವ ಹೆಂಗಸಿನ ಬೆರಳುಗಳಿಗೆ. ‘ಈ ರಾಶಿ ಒಣಗಿಲ್ಲ’ ಎಂದು ಆಕೆ ಹೇಳಿದರೆ, ನಿಮಗೆ ಬೇಕಾದ ದೊಡ್ಡ ಕೃಷಿಕರೊಬ್ಬರ ಮಾಲನ್ನು ನೀವು ತಿರಸ್ಕರಿಸಬೇಕಾಗುತ್ತದೆ. ಅಂಥ ಮಾತಿಗೆ ಒಂದು ಸಲ ಗದರಿಸಿ ನೋಡಿ. ಮುಂದಿನ ಸಲ ಆಕೆ ಸುಮ್ಮನಿರುತ್ತಾಳೆ. ಸಣ್ಣ ಸಂಬಳದ ಮನುಷ್ಯರ ಕೈಯಲ್ಲಿ ಎಷ್ಟು ತಿಳಿವಳಿಕೆ ಇರುತ್ತದೆಂಬುದನ್ನು ಆಡಳಿತ ಕಲಿಸುವ ಪುಸ್ತಕಗಳು ಸಾಕಷ್ಟು ಹೇಳುವುದಿಲ್ಲ ಎಂಬ ಬೇಸರ ನನಗಿದೆ.

ಮ್ಯಾಕಿಯವೆಲ್ಲಿಗೆ ಇದು ಗೊತ್ತಿತ್ತು. 23ನೆಯ ಅಧ್ಯಾಯ ಹೊಗಳುಭಟ್ಟರ ಕುರಿತಾದದ್ದು. ಸತ್ಯ ಹೇಳಿದರೆ ದೊರೆಗೆ ಕೋಪ ಬರುವುದಿಲ್ಲವೆಂದು ತಿಳಿಸುವುದೊಂದೇ ಹೊಗಳಿಕೆಯಿಂದ ಪಾರಾಗುವ ದಾರಿ ಎನ್ನುತ್ತಾನೆ. ಸ್ವತಃ ವಿವೇಕಿಯಲ್ಲದವನಿಗೆ ಒಳ್ಳೆಯ ಸಲಹೆ ದಕ್ಕುವುದಿಲ್ಲ ಎಂಬ ಮಾತೂ ಅಲ್ಲಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ತಾಳಮದ್ದಳೆಯ ಧೃತರಾಷ್ಟ್ರ. ವಿದುರ ಹೇಳಬೇಕಾದದ್ದನ್ನೆಲ್ಲ ಹೇಳಿದ್ದಾನೆ, ಕುರುಡು ಅರಸ ಒಪ್ಪಿಯೂ ಇದ್ದಾನೆ, ಆದರೂ ಮಗನನ್ನು ತಡೆಯಲಾರ. ಆದ್ದರಿಂದ ಕಿವಿಗೊಟ್ಟರೆ ಮುಗಿಯಲಿಲ್ಲ. ಆ ಹೆಂಗಸು ತೋರಿಸಿದ ರಾಶಿಯನ್ನು ಅವಳ ಕಣ್ಣೆದುರೇ ಮತ್ತೆ ಅಂಗಳಕ್ಕೆ ಹರಡಿಸಬೇಕು.

ಕೌಟಿಲ್ಯನ ಅರ್ಥಶಾಸ್ತ್ರವನ್ನೂ ಓದಿ. ಮೈಸೂರಿನ ಗ್ರಂಥಾಲಯದಲ್ಲಿ ಅದರ ತಾಳೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು, ಕನ್ನಡಿಗರಾಗಿ ನಮಗೆ ಅದರ ಮೇಲೆ ಸ್ವಲ್ಪ ಹೆಚ್ಚಿನ ಅಕ್ಕರೆ ಇರಬೇಕಾದದ್ದೇ. ಕಠಿಣವಾಗಿ ದಂಡಿಸುವವನಿಂದ ಜನ ಕಂಗೆಡುತ್ತಾರೆ, ಮೃದುವಾಗಿ ದಂಡಿಸುವವನನ್ನು ಕಡೆಗಣಿಸುತ್ತಾರೆ, ತಪ್ಪಿಗೆ ತಕ್ಕಂತೆ ದಂಡಿಸುವವನನ್ನು ಗೌರವಿಸುತ್ತಾರೆ ಎಂದು ಅವನ ನಿಲುವು. ನಿಮ್ಮ ಗೆಳೆಯರ ಸಲಹೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಅಧಿಕಾರಿಗಳು ಹಣ ನುಂಗುವ 40 ಬಗೆಗಳನ್ನು ಅವನು ಹೆಸರಿಸುತ್ತಾನೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದು ಎಂಬ ಪ್ರಸಿದ್ಧ ಮಾತೂ ಅಲ್ಲಿಯದೇ. ಇಷ್ಟು ಸಂಶಯದ ಮನುಷ್ಯನೇ ಕೆಲಸದಲ್ಲಿರುವಾಗ ಸತ್ತವರ ಹೆಂಡತಿ ಮಕ್ಕಳಿಗೆ ಊಟ, ಸಂಬಳ ಸಲ್ಲಬೇಕೆಂದೂ ಬರೆದಿದ್ದಾನೆ.

ಗೂಢಚಾರರ ಭಾಗವನ್ನು ಮಾತ್ರ ಅಂಗಡಿಗೆ ತರಬೇಡಿ. ಒಬ್ಬ ಕೆಲಸದವನ ಮೇಲೆ ಇನ್ನೊಬ್ಬನನ್ನು ಕಣ್ಣಿಡಲು ಬಿಡುವುದು, ಆಮಿಷ ಒಡ್ಡಿ ಪರೀಕ್ಷಿಸುವುದು ಹೊಲಸು ಕೆಲಸ. ಕೆಡದವನನ್ನು ಕೆಡಿಸುವುದು ನೀರಿಗೆ ವಿಷ ಹಾಕಿದಂತೆ ಎಂದು ಮಂತ್ರಿಗಳ ಪರೀಕ್ಷೆಯ ಅಧ್ಯಾಯದಲ್ಲಿ ಕೌಟಿಲ್ಯನೇ ಎಚ್ಚರಿಸುತ್ತಾನೆ. ಅದಲ್ಲದೆ ನೀವು ಅರಸರಲ್ಲ. ಅರಸನ ಪ್ರಜೆಗೆ ಬಿಟ್ಟುಹೋಗುವುದು ಸುಲಭವಿರಲಿಲ್ಲ. ನಿಮ್ಮ ತೂಕದ ಹುಡುಗ ಬೇಸರವಾದರೆ ನಾಳೆ ಮಂಗಳೂರಿನ ಬಸ್ಸು ಹತ್ತುತ್ತಾನೆ, ವೀಸಾ ಸಿಕ್ಕಿದರೆ ದುಬೈಗೆ ಹೋಗುತ್ತಾನೆ. ಕೂಲಿಯಲ್ಲಿ ಮನಬಂದಂತೆ ದಂಡ ಮುರಿಯಲು ಕಾನೂನೂ ಬಿಡುವುದಿಲ್ಲ.

ಲೆಕ್ಕ ಬರೆಯುವ ಹಿರಿಯರು ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ ಎಂದಿರಿ. ಅವರನ್ನು ಬಿಡಿಸುವ ಯೋಚನೆ ಬೇಡ. ಯಾವ ಕೃಷಿಕ ಯಾವ ತೋಟದ ಅಡಿಕೆ ತರುತ್ತಾನೆ, ಯಾರ ಬಾಕಿ ಎಷ್ಟು ಹಳೆಯದು ಎಂಬುದೆಲ್ಲ ಅವರ ತಲೆಯಲ್ಲಿದೆ. ಪ್ರತಿ ಇಲಾಖೆಗೂ ಒಬ್ಬನೇ ಮುಖ್ಯಸ್ಥ ಬೇಡ, ಇದ್ದವರೂ ಕಾಯಂ ಬೇಡ ಎಂದು ಕೌಟಿಲ್ಯ ಹೇಳುತ್ತಾನಲ್ಲ, ಅಷ್ಟನ್ನು ಮಾಡಿ: ತೂಕ ಒಬ್ಬರ ಕೈಯಲ್ಲಿರಲಿ, ನಗದು ಇನ್ನೊಬ್ಬರ ಕೈಯಲ್ಲಿರಲಿ, ಪುಸ್ತಕ ಆ ಹಿರಿಯರ ಬಳಿಯೇ ಉಳಿಯಲಿ. ಬದಲಾವಣೆಯ ವಿಷಯವನ್ನು ಎಲ್ಲರಿಗಿಂತ ಮೊದಲು ಅವರಿಗೇ, ಒಬ್ಬರೇ ಇರುವಾಗ, ಕಾರಣ ಸಹಿತ ತಿಳಿಸಿ. ಆ ನಿಯಮ ನಿಮಗೂ ಇರಲಿ. ಮನೆಖರ್ಚಿಗೆಂದು ಗಲ್ಲಾದಿಂದ ನೂರು ರೂಪಾಯಿ ತೆಗೆದರೂ ಚೀಟಿ ಬರೆದು ಅವರ ಕೈಗೆ ಕೊಡಿ.