ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ ಬೋರ್ಡ್ ಹೋಗಿದೆ ಅಂತ ಅರ್ಥವಲ್ಲ

ನಮಸ್ಕಾರ. ಕಂಪ್ಯೂಟರಿಗೆ ಹೊಸ ಬೋರ್ಡ್, ಅಂದರೆ ಮದರ್‌ಬೋರ್ಡ್, ತಗೊಳ್ಳಲು ಇನ್ನೂ ದುಡ್ಡು ಕಟ್ಟಿಲ್ಲ ತಾನೇ? ಕಟ್ಟಿಲ್ಲದಿದ್ದರೆ ದಯವಿಟ್ಟು ಎರಡು ದಿನ ತಡೆಯಿರಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ರೈಝೆನ್ 5 5600ಜಿ ಪ್ರೊಸೆಸರ್, ಬಿ550 ಬೋರ್ಡ್, 550 ವ್ಯಾಟ್‌ನ ಹೊಸ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಬೋರ್ಡಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬ). ಕ್ಯಾಬಿನೆಟ್ ಮಾತ್ರ ನಿಮ್ಮ ಅಣ್ಣನ ಹಳೆಯದು. ಭಾನುವಾರ ಕೂತು ಜೋಡಿಸಿದ್ದೀರಿ. ಬಟನ್ ಒತ್ತಿದ ತಕ್ಷಣ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಅಷ್ಟೂ ಇಲ್ಲ. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು. ಅಂಗಡಿಯವರು ಫೋನಿನಲ್ಲೇ ‘ಬೋರ್ಡ್ ಹೋಗಿದೆ, ಬೇರೆ ತಗೊಳ್ಳಿ’ ಅಂದರು.

ನೀವು ಆ ಅರ್ಧ ಸುತ್ತಿನ ವಿಷಯ ಬರೆದದ್ದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ‘ಆನ್ ಆಗ್ತಿಲ್ಲ’ ಅಂತ ಒಂದೇ ಮಾತು ಬರೆಯುತ್ತಾರೆ. ಫ್ಯಾನ್ ಅರ್ಧ ಸುತ್ತು ತಿರುಗಿತು ಅಂದರೆ ಗೋಡೆಯಿಂದ ಕರೆಂಟ್ ಬರುತ್ತಿದೆ. ಬಟನ್ ಸರಿ ಇದೆ, ಬಟನ್ನಿನ ವೈರ್ ಸರಿಯಾದ ಪಿನ್ನಿಗೇ ಹೋಗಿದೆ. ‘ಶುರು ಮಾಡು’ ಅಂತ ಬೋರ್ಡ್ ಎಸ್‌ಎಂಪಿಎಸ್‌ಗೆ ಹೇಳಿದೆ, ಅದು ಶುರುವೂ ಮಾಡಿದೆ. ಆಮೇಲೆ ಎಲ್ಲೋ ಕರೆಂಟ್ ಮಿತಿ ಮೀರಿ ಹರಿಯುವುದು ಗೊತ್ತಾಗಿ ತಾನೇ ಬಾಗಿಲು ಹಾಕಿಕೊಂಡಿದೆ. ಒಮ್ಮೆ ಹಾಗೆ ಹಾಕಿಕೊಂಡರೆ ಹಿಂದಿನ ಸ್ವಿಚ್ ಆರಿಸಿ ಒಳಗಿನ ಕರೆಂಟ್ ಇಳಿಯುವ ತನಕ ತೆರೆಯುವುದಿಲ್ಲ. ಎರಡನೇ ಸಲ ಒತ್ತಿದಾಗ ಏನೂ ಆಗದಿದ್ದುದು ಇದಕ್ಕೇ. ಒಟ್ಟಿನಲ್ಲಿ ಇದು ಶಾರ್ಟ್ ಸರ್ಕ್ಯೂಟ್ ಆದಾಗಿನ ಲಕ್ಷಣ. ಶಾರ್ಟ್ ಬೋರ್ಡಿನ ಒಳಗೇ ಇರಬಹುದು, ಹೊರಗೂ ಇರಬಹುದು. ಈಗಷ್ಟೇ ಜೋಡಿಸಿದ ಮಶಿನ್‌ನಲ್ಲಿ ನಾನು ಕಂಡ ಮಟ್ಟಿಗೆ ಹೊರಗೇ ಇರುವುದು ಜಾಸ್ತಿ. ಎಲ್ಲಿ ಅಂತ ಗೊತ್ತಾಗುವ ತನಕ ಪದೇಪದೇ ಬಟನ್ ಒತ್ತಬೇಡಿ.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು ಬಯಾಸ್ (ಮಶಿನ್ ಶುರು ಮಾಡಲು ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅಂದಿದ್ದಾರೆ. ಹಳೆಯ ಬಯಾಸ್ ಇರುವ ಬೋರ್ಡಿಗೆ 5600ಜಿ ಗುರುತು ಸಿಗದಿರುವುದು ನಿಜ. ಆದರೆ ಆಗ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ. ರ‍್ಯಾಮ್ ಸರಿಯಾಗಿ ಕೂರದಿದ್ದರೂ ಸಾಮಾನ್ಯವಾಗಿ ಹಾಗೇ. ನಿಮ್ಮದು ಅದಲ್ಲ. ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಬದಲಾಯಿಸಿದರೆ ನಷ್ಟವೇನಿಲ್ಲ, ಆದರೆ ಈ ತೊಂದರೆ ಅದರಿಂದ ಹೋಗುವ ಥರದ್ದಲ್ಲ.

ಮೊದಲು ಒಂದು ಪ್ರಶ್ನೆ, ಕ್ಯಾಬಿನೆಟ್ ಹಳೆಯದು ಅಂದಿದ್ದಕ್ಕೆ ಕೇಳುತ್ತಿದ್ದೇನೆ. ಅದರೊಳಗೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳು ಉಳಿದಿದ್ದವಾ? ಅದರಲ್ಲಿ ಯಾವುದನ್ನಾದರೂ ಹೊಸದಕ್ಕೆ ಹಾಕಿದ್ದೀರಾ? ಬಿಚ್ಚಿ ಹಾಕುವ ಕೇಬಲ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಬೋರ್ಡ್ ಕಡೆಯ ತುದಿ ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿ ಹಾಗಲ್ಲ, ಒಬ್ಬೊಬ್ಬರದು ಒಂದೊಂದು ಥರ. ನೋಡಲು ಒಂದೇ ಥರ ಇರುತ್ತದೆ, ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಬಹುದು. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟುಹೋಗುವುದು ಹೀಗೆಯೇ. ಹೊಸ ಡಬ್ಬದಲ್ಲಿ ಬಂದ ಕೇಬಲ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ.

ಹಾಗೆಯೇ ಬೋರ್ಡಿನ ಮೇಲ್ಗಡೆ ಎಡಮೂಲೆಯ ಎಂಟು ಪಿನ್ನಿನ ಸಾಕೆಟ್ ನೋಡಿ. ಅದು ಪ್ರೊಸೆಸರ್‌ಗೆ ಕರೆಂಟ್ ಕೊಡುವುದು. ಅದಕ್ಕೆ ಹೋಗಬೇಕಾದ ಕೇಬಲ್ ನಾಲ್ಕು ಮತ್ತು ನಾಲ್ಕಾಗಿ ಬೇರ್ಪಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಆರು ಮತ್ತು ಎರಡಾಗಿ ಬೇರ್ಪಡುತ್ತದೆ. ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ವೈರ್) ಅದಲುಬದಲಾಗಿವೆ. ಗ್ರಾಫಿಕ್ಸ್ ಕೇಬಲನ್ನು ಜೋರಾಗಿ ಒತ್ತಿ ಕೂರಿಸಿದವರನ್ನು ನಾನು ನೋಡಿದ್ದೇನೆ, ಅವರಿಗೂ ಸರಿಯಾಗಿ ಇದೇ ಅರ್ಧ ಸುತ್ತು. ಕೂರಿಸುವಾಗ ಬಲ ಹಾಕಬೇಕಾಗಿ ಬಂದಿತ್ತಾ ಅಂತ ನೆನಪು ಮಾಡಿಕೊಳ್ಳಿ.

ಇವೆರಡೂ ಸರಿ ಇದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆಯಿರಿ. ಬೇಜಾರಿನ ಕೆಲಸ ಅಂತ ಗೊತ್ತು. ಆದರೆ ಒಳಗಿಟ್ಟುಕೊಂಡೇ ಹುಡುಕುತ್ತಾ ಕೂತರೆ ಜಾಸ್ತಿ ದಿನ ಹೋಗುತ್ತದೆ. ನನ್ನ ತಂಗಿಗೆ ಮಶಿನ್ ಜೋಡಿಸಿದಾಗ ನನಗೆ ಆದದ್ದು ಅದೇ. ಕ್ಯಾಬಿನೆಟ್ ಹಳೆಯದು, ಅದರಲ್ಲಿ ಮೊದಲು ಬೇರೆ ಬೋರ್ಡ್ ಇತ್ತು. ಮೂರು ದಿನ ರ‍್ಯಾಮ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಪಕ್ಕದ ಮನೆಯವರ ಎಸ್‌ಎಂಪಿಎಸ್ ತಂದು ಹಾಕಿದೆ. ಕೊನೆಗೆ ಬೋರ್ಡ್ ಎತ್ತಿ ತಿರುಗಿಸಿ ಟಾರ್ಚ್ ಹಿಡಿದೆ. ಹಿಂಬದಿಯಲ್ಲಿ ಹೆಸರುಕಾಳಿನಷ್ಟು ಒಂದು ಗುಂಡನೆಯ ಗೀರು. ಅದರ ನಡುವೆ ಎರಡು ಬೆಸುಗೆ ಚುಕ್ಕೆಗಳು ಚಪ್ಪಟೆಯಾಗಿ ಹೊಳೆಯುತ್ತಿದ್ದವು. ಕ್ಯಾಬಿನೆಟ್ ನೋಡಿದರೆ ಸರಿಯಾಗಿ ಆ ಜಾಗದಲ್ಲಿ ಒಂದು ಹಿತ್ತಾಳೆ ಗೂಟ, ಸ್ಟ್ಯಾಂಡಾಫ್ ಅಂತಾರಲ್ಲ, ಅದು ನಿಂತಿತ್ತು. ಹಳೆಯ ಬೋರ್ಡಿಗೆ ಅಲ್ಲಿ ತೂತಿತ್ತು, ಹೊಸದಕ್ಕೆ ಇರಲಿಲ್ಲ. ಇಕ್ಕಳದಲ್ಲಿ ಗೂಟ ಬಿಚ್ಚಿ ತೆಗೆದು ಬೋರ್ಡ್ ಕೂರಿಸಿದೆ. ಮೊದಲ ಸಲಕ್ಕೇ ಆನ್ ಆಯಿತು, ಇವತ್ತಿಗೂ ಓಡುತ್ತಿದೆ. ಎಸ್‌ಎಂಪಿಎಸ್ ಬೇಗ ಬಾಗಿಲು ಹಾಕಿಕೊಂಡದ್ದರಿಂದಲೇ ಆ ಬೋರ್ಡ್ ಉಳಿದದ್ದು.

ಆದ್ದರಿಂದ ಬೋರ್ಡಿನ ತೂತುಗಳನ್ನು ಎಣಿಸಿ, ಗೂಟಗಳನ್ನೂ ಎಣಿಸಿ. ಬೋರ್ಡಿನ ಕೆಳಗೆ ಬರುವ ಪ್ರತಿ ಗೂಟಕ್ಕೂ ನೇರ ಮೇಲೆ ಒಂದು ತೂತು ಇರಲೇಬೇಕು. ಬೋರ್ಡ್ ತೆಗೆದ ಮೇಲೆ ಕ್ಯಾಬಿನೆಟ್ಟನ್ನು ಒಮ್ಮೆ ಬೋರಲು ಹಾಕಿ ಅಲ್ಲಾಡಿಸಿ. ಬಿದ್ದುಹೋದ ಸ್ಕ್ರೂ ಇದ್ದರೆ ಸದ್ದು ಬರುತ್ತದೆ. ಹಿಂಬದಿಯ ತಗಡಿನ ತಟ್ಟೆಯನ್ನೂ ನೋಡಿ, ಐಒ ಶೀಲ್ಡ್ ಅಂತಾರೆ. ಅದರಲ್ಲಿ ತೆಳ್ಳಗೆ ನಾಲಿಗೆಯಂಥ ತಗಡು ಇರುತ್ತವೆ. ಬೋರ್ಡ್ ಕೂರಿಸುವಾಗ ಅದರಲ್ಲಿ ಒಂದು ಯುಎಸ್‌ಬಿ ಪೋರ್ಟಿನ ಒಳಗೇ ಹೋಗಿ ಕೂತುಬಿಡುವುದುಂಟು. ಹೊರಗಿನಿಂದ ಪೋರ್ಟುಗಳ ಬಾಯಿಗೆ ಟಾರ್ಚ್ ಬಿಟ್ಟರೆ ಕಾಣುತ್ತದೆ.

ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲೆ ಇಡಿ. ಅದು ಬಂದ ಬೆಳ್ಳಿ ಬಣ್ಣದ ಕವರಿನ ಮೇಲೆ ಇಡಬೇಡಿ, ಅದರ ಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಇರಲಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್‌ನಿಂದ ಎರಡನೆಯದರಲ್ಲಿ ಹಾಕಿ. 24 ಪಿನ್ನಿನ ಕೇಬಲ್, ಎಂಟು ಪಿನ್ನಿನ ಕೇಬಲ್. ಅಷ್ಟೇ. ಎಸ್‌ಎಸ್‌ಡಿ ಬೇಡ, ಮುಂಭಾಗದ ಯುಎಸ್‌ಬಿ, ಆಡಿಯೋ ವೈರ್ ಬೇಡ, ಬಣ್ಣದ ಲೈಟ್ ಬೇಡ. 5600ಜಿ ಒಳಗೇ ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಬೋರ್ಡಿಗೇ ಹಾಕಬಹುದು. ಪವರ್ ಬಟನ್ನಿನ ಎರಡು ಪಿನ್ ಯಾವುವು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಂದು ಸೆಕೆಂಡ್ ಮುಟ್ಟಿಸಿ ಬಿಡಿ. ಅಲ್ಲಿರುವುದು ಸಣ್ಣ ವೋಲ್ಟೇಜ್, ಹೆದರಬೇಕಿಲ್ಲ.

ಹೊರಗೆ ಓಡಿತಾ? ಹಾಗಾದರೆ ಬೋರ್ಡ್, ಪ್ರೊಸೆಸರ್ ಎರಡೂ ಚೆನ್ನಾಗಿವೆ, ತಪ್ಪು ಕ್ಯಾಬಿನೆಟ್ಟಿನದು ಇಲ್ಲವೇ ಬಿಚ್ಚಿಟ್ಟವುಗಳಲ್ಲಿ ಯಾವುದರದೋ. ಗೂಟ ಸರಿ ಮಾಡಿ ಕೂರಿಸಿ, ಒಂದೊಂದೇ ವೈರ್ ಸೇರಿಸುತ್ತಾ ಪ್ರತಿ ಸಲ ಆನ್ ಮಾಡಿ ನೋಡಿ. ಪ್ರತಿ ವೈರ್ ಹಾಕುವ ಮುಂಚೆ ಹಿಂದಿನ ಸ್ವಿಚ್ ಆರಿಸಲೇಬೇಕು. ಹಳೆಯ ಕ್ಯಾಬಿನೆಟ್ಟಾದ್ದರಿಂದ ಮುಂಭಾಗದ ಯುಎಸ್‌ಬಿಯನ್ನು ಕೊನೆಗೆ ಸೇರಿಸಿ. ಅದರ ಬಾಯಲ್ಲಿ ಪಿನ್ ಬಾಗಿ ಒಂದಕ್ಕೊಂದು ತಾಗಿದ್ದರೆ ಅದೊಂದೇ ಇಡೀ ಮಶಿನ್ ನಿಲ್ಲಿಸಲು ಸಾಕು.

ಹೊರಗೂ ಅದೇ ಅರ್ಧ ಸುತ್ತಾ? ಆಗ ಎಸ್‌ಎಂಪಿಎಸ್ ಆರಿಸಿ, ಒಂದು ನಿಮಿಷ ಬಿಟ್ಟು, ಎಂಟು ಪಿನ್ನಿನ ಕೇಬಲ್ ಮಾತ್ರ ಬಿಚ್ಚಿ, 24 ಪಿನ್ ಹಾಗೇ ಇರಲಿ. ಈಗ ಆನ್ ಮಾಡಿ. ಪರದೆ ಬರುವುದಿಲ್ಲ, ಅದು ಬೇಡ. ಫ್ಯಾನ್ ನಿಲ್ಲದೆ ತಿರುಗುತ್ತದಾ ಅಂತಷ್ಟೇ ನೋಡಿ. ತಿರುಗಿದರೆ ಶಾರ್ಟ್ ಇರುವುದು ಪ್ರೊಸೆಸರ್‌ಗೆ ಹೋಗುವ 12 ವೋಲ್ಟ್ ದಾರಿಯಲ್ಲಿ. ಆಗ ಉಳಿಯುವುದು ಪ್ರೊಸೆಸರ್ ಇಲ್ಲವೇ ಅದರ ಪಕ್ಕದ ಮಾಸ್‌ಫೆಟ್‌ಗಳು, ಅಂದರೆ ಪ್ರೊಸೆಸರ್‌ಗೆ ಹೋಗುವ ಕರೆಂಟನ್ನು ಹತೋಟಿ ಮಾಡುವ ಬಿಡಿಭಾಗಗಳು.

ಇವೆರಡರಲ್ಲಿ ಯಾವುದು ಅಂತ ತಿಳಿಯಲು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಮೊಬೈಲ್ ರಿಪೇರಿಯವರಲ್ಲಿ ಖಂಡಿತ ಇರುತ್ತದೆ. ಎಲ್ಲ ಕೇಬಲ್ ಬಿಚ್ಚಿ ಪ್ರೊಸೆಸರ್ ಹೊರಗೆ ತೆಗೆಯಿರಿ. ಫ್ಯಾನನ್ನು ನೇರ ಮೇಲಕ್ಕೆ ಎಳೆಯಬೇಡಿ. ಈ ಸಾಕೆಟ್ಟಿನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್ ಮೇಲೆ, ಫ್ಯಾನಿಗೂ ಅದಕ್ಕೂ ನಡುವೆ ಹಚ್ಚಿದ ಪೇಸ್ಟ್ ಹಿಡಿದುಕೊಂಡರೆ ಲಾಕ್ ಹಾಕಿದ್ದರೂ ಫ್ಯಾನಿನ ಜೊತೆಗೇ ಎದ್ದು ಬರುತ್ತದೆ. ಸ್ಕ್ರೂ ಬಿಚ್ಚಿ, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ ಸಡಿಲ ಮಾಡಿ, ಆಮೇಲೆ ಎತ್ತಿ. ಪ್ರೊಸೆಸರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಿನ್‌ಗಳ ಸಾಲಿನ ಉದ್ದಕ್ಕೂ ನೋಡಿ. ಮಗ್ಗದ ಎಳೆಗಳ ಹಾಗೆ ಎಲ್ಲ ಸಾಲೂ ನೇರವಾಗಿ ಕಾಣಬೇಕು. ಒಂದು ಬಾಗಿದ್ದರೂ ಸಾಲು ಅಲ್ಲಿ ಮುರಿದ ಹಾಗೆ ಕಾಣುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಸಾಲಿನ ನಡುವೆ ತೂರಿಸಿ ನಿಧಾನವಾಗಿ ನೇರ ಮಾಡಬಹುದು. ಅವಸರ ಮಾಡಿದರೆ ಮುರಿಯುತ್ತದೆ.

ಪಿನ್ ಸರಿ ಇದ್ದರೆ ಮೀಟರನ್ನು ಬೀಪ್‌ಗೆ (ಎರಡು ತುದಿ ಒಂದಕ್ಕೊಂದು ಕೂಡಿದ್ದರೆ ಸದ್ದು ಮಾಡುವ ಸೆಟ್ಟಿಂಗ್‌ಗೆ) ಇಟ್ಟು ಬೋರ್ಡಿನ ಎಂಟು ಪಿನ್ನಿನ ಸಾಕೆಟ್ಟಿಗೆ ಹಿಡಿಯಿರಿ. ಕೊಕ್ಕೆ ಸಿಕ್ಕಿಕೊಳ್ಳುವ ಬದಿಯ ನಾಲ್ಕು 12 ವೋಲ್ಟ್, ಇನ್ನೊಂದು ಬದಿಯವು ಗ್ರೌಂಡ್. ಒಂದು ಕ್ಷಣ ಬೀಪ್ ಬಂದು ನಿಂತರೆ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ತುಂಬಿದ್ದು ಅಷ್ಟೇ. ನಿಲ್ಲದೆ ಕೂಗುತ್ತಿದ್ದರೆ ಬೋರ್ಡಿನಲ್ಲೇ ಶಾರ್ಟ್ ಇದೆ, ಬಹುತೇಕ ಮಾಸ್‌ಫೆಟ್, ಅಂಗಡಿಯವರ ಮಾತು ನಿಜ. ಬೋರ್ಡ್ ವಾರಂಟಿಗೆ ಕಳಿಸಿ. ಕೆಲವರು ಪ್ರೊಸೆಸರ್ ಹಾಕಿಟ್ಟುಕೊಂಡೇ ಪಕ್ಕದ ಕಾಯಿಲ್‌ಗಳಿಗೆ ಮೀಟರ್ ಹಿಡಿದು ಬೀಪ್ ಕೇಳಿ ಹೆದರುತ್ತಾರೆ. ಅಲ್ಲಿ ಪ್ರೊಸೆಸರ್‌ನದೇ ರೆಸಿಸ್ಟೆನ್ಸ್ ತುಂಬಾ ಕಡಿಮೆ ಇರುತ್ತದೆ, ಬೀಪ್ ಬರುವುದು ಸಹಜ.

ಎಂಟು ಪಿನ್ ಬಿಚ್ಚಿದರೂ ಅರ್ಧ ಸುತ್ತೇ ಆದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಿ. ಬೋರ್ಡಿನಿಂದ ಪೂರ್ತಿ ಬಿಚ್ಚಿ, ಸ್ವಿಚ್ ಆರಿಸಿಟ್ಟು, 24 ಪಿನ್ನಿನ ತುದಿಯಲ್ಲಿ ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಜೆಮ್ ಕ್ಲಿಪ್ಪಿನಿಂದ ಸೇರಿಸಿ. ಎಲ್ಲ ವೈರೂ ಕಪ್ಪಾಗಿದ್ದರೆ 16 ಮತ್ತು 17ನೇ ಪಿನ್, ಮ್ಯಾನ್ಯುಯಲ್‌ನಲ್ಲಿ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಕರೆಂಟ್ ಎಳೆಯುವ ಹೊರೆಯಾಗಿ ಒಂದು ಕ್ಯಾಬಿನೆಟ್ ಫ್ಯಾನೋ ಕೆಲಸಕ್ಕೆ ಬಾರದ ಹಾರ್ಡ್ ಡಿಸ್ಕೋ ಹಾಕಿ, ಆಮೇಲೆ ಸ್ವಿಚ್ ಹಾಕಿ. ಮೀಟರ್ ಹಿಡಿದರೆ ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಇರಬೇಕು. ಕೆಲವು ಎಸ್‌ಎಂಪಿಎಸ್‌ಗಳ ಫ್ಯಾನ್ ಬಿಸಿಯಾಗುವ ತನಕ ತಿರುಗುವುದೇ ಇಲ್ಲ, ಅದಕ್ಕೇ ಮೀಟರ್ ನಂಬಿ. ಇಲ್ಲಿ ಪಾಸಾದರೂ ಹೊರೆ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್ ಇರುತ್ತದೆ. ಸಂಶಯ ಉಳಿದರೆ ಚೆನ್ನಾಗಿರುವ ಇನ್ನೊಂದನ್ನು ಕಡ ತಂದು ಹಾಕಿ ನೋಡಿ. ಏನೇ ಆದರೂ ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತಲೂ ಬರೆದಿದ್ದೀರಿ. ಅದು ಬೇರೆ ತೊಂದರೆ, ಆದರೆ ಬಿಡಬೇಡಿ. ಬಹುತೇಕ ನಿಮ್ಮ ಪ್ಲಗ್ಗಿಗೆ ಅರ್ತಿಂಗ್ ಬಂದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ತಿಗೆ ಬಿಡುತ್ತದೆ. ಅರ್ತ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೈಯಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಫೇಸ್‌ನಿಂದ ನ್ಯೂಟ್ರಲ್‌ಗೂ ಫೇಸ್‌ನಿಂದ ಅರ್ತಿಗೂ ಹೆಚ್ಚುಕಡಿಮೆ ಒಂದೇ, 230ರ ಆಸುಪಾಸು ತೋರಿಸಬೇಕು. ಅದು ಸರಿಯಾಗುವ ತನಕ ಬರಿಗಾಲಲ್ಲಿ ನಿಂತು ಮಶಿನ್ ಮುಟ್ಟಬೇಡಿ, ಮಕ್ಕಳನ್ನೂ ದೂರ ಇಡಿ.

ಬಿಲ್, ಡಬ್ಬ ಯಾವುದನ್ನೂ ಎಸೆಯಬೇಡಿ. ಬೋರ್ಡಿನ ಹಿಂಬದಿಯದು ಮತ್ತು ಕ್ಯಾಬಿನೆಟ್ಟಿನ ಗೂಟಗಳದು ಒಂದೊಂದು ಫೋಟೋ ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ. ಎಂಟು ಪಿನ್ ಬಿಚ್ಚಿದಾಗ ಫ್ಯಾನ್ ಏನು ಮಾಡಿತು ಅಂತಲೂ ಬರೆಯಿರಿ. ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರುತ್ತೇನೆ, ನೋಡಿ ಹೇಳುತ್ತೇನೆ.